ನೂರೊಂದು ಅಡಿ ಆಳದ ಹಳದಿ

1997ರ ಮಾರ್ಚ್ 11, ಮಂಗಳವಾರ. ಬೆಳಿಗ್ಗೆ ಎಂಟೂ ಮುಕ್ಕಾಲಿಗೆ ಒಬ್ಬ ಹೆಂಗಸು ಠಾಣೆಯ ಮೆಟ್ಟಿಲು ಹತ್ತಿ ಬಂದು ಪಿಎಸ್ಐ ಕಾಡಸಿದ್ದ ಮಗದುಮ್ಮನ ಮೇಜಿನ ಮೇಲೆ ಖಾಲಿ ಕೊಡ ಇಟ್ಟಳು. ಇಟ್ಟಳು ಅನ್ನುವುದಕ್ಕಿಂತ ಕುಕ್ಕಿದಳು. ಠಾಣಾ ಡೈರಿಯ ಪಕ್ಕದಲ್ಲಿದ್ದ ಚಹಾದ ಬಸಿ ನಡುಗಿತು.

“ಇದೇನಬೇ? ನಳ ಹಿಂದಿನ ಅಂಗಳದಾಗ ಐತಿ. ಇದು ಠಾಣೆ.”

“ನೀರಿಗೆ ಬಂದಿಲ್ರಿ. ಫಿರ್ಯಾದಿ ಕೊಡಾಕ ಬಂದೇನಿ. ನಮ್ಮ ಬೋರ್ ಯಾರೋ ಮುಚ್ಯಾರ.”

ಕಾಡಸಿದ್ದನಿಗೆ ನಲವತ್ತೆಂಟು ವರ್ಷ. ನಿಪ್ಪಾಣಿ ಬದಿಯ ಹಳ್ಳಿ ಶಾಲೆಯಲ್ಲಿ ಓದಿ, ಕಾನ್‌ಸ್ಟೇಬಲ್ ಆಗಿ ಸೇರಿ, ಒಂದೊಂದೇ ಮೆಟ್ಟಿಲು ಹತ್ತಿ ಬಂದವನು. ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಕೈಕೆಳಗಿನವರು ಬೆನ್ನ ಹಿಂದೆ ಅವನನ್ನು ‘ಸಂಕೇಶ್ವರ ಮೆಣಸಿನಕಾಯಿ’ ಅನ್ನುತ್ತಿದ್ದರು. ಅದು ಅವನಿಗೆ ಗೊತ್ತಿತ್ತು. ಒಳಗೊಳಗೇ ಸೇರುತ್ತಲೂ ಇತ್ತು.

ಹೆಂಗಸಿನ ಹೆಸರು ತುಳಸವ್ವ. ಪಾಲಬಾವಿಯಿಂದ ನಾಲ್ಕು ಕಿಲೋಮೀಟರ್ ಆಚೆಗಿನ ಹಿರೇಮಡ್ಡಿ ಕೇರಿಯವಳು, ಕಬ್ಬು ಕಡಿಯುವ ಗ್ಯಾಂಗಿನಲ್ಲಿ ದುಡಿಯುವವಳು. ಮೂವತ್ತೆರಡು ಮನೆಯ ಆ ಕೇರಿಗೆ ಸ್ವಂತದ ನೀರು ಎಂದೂ ಇರಲಿಲ್ಲ. ಊರ ಹೊಲದ ಬಾವಿಗಳ ಹತ್ತಿರ ನಿಂತು, ಯಾರಾದರೂ ಸೇದಿ ಮೇಲಿನಿಂದ ಸುರಿಯುವವರೆಗೆ ಕಾಯಬೇಕಿತ್ತು. ಈ ವರ್ಷ ಜನವರಿ 27ರಂದು ಸರಕಾರದ ರಿಗ್ ಬಂದು ಇನ್ನೂರ ನಲವತ್ತು ಅಡಿ ಕೊರೆದಿತ್ತು. ನೂರ ಎಪ್ಪತ್ತಕ್ಕೆ ಎರಡೂವರೆ ಇಂಚು ಸಿಹಿನೀರು. ಪಂಪ್ ಬರುವ ತನಕ ಇರಲೆಂದು ಬಾಯಿಗೆ ಚಪ್ಪಡಿ ಮುಚ್ಚಿಟ್ಟಿದ್ದರು. ನಿನ್ನೆ ಪಂಪಿನವರು ಬಂದು ಪೈಪು ಇಳಿಸಿದರೆ ನೂರು ಅಡಿಗೇ ನಿಂತುಬಿಟ್ಟಿತು. ಇಲಾಖೆಯ ಇಂಜಿನಿಯರ್ ಅಲ್ಲೇ ಜೀಪಿನ ಬಾನೆಟ್ ಮೇಲೆ ಬರೆದುಕೊಟ್ಟ: ‘ಕೆಂಪು ಮಣ್ಣಿನ ಪದರ ಕುಸಿದು ಬೋರು ವಿಫಲ.’ ಮಾರ್ಚ್ 31ರೊಳಗೆ ಪಂಪ್ ಬೇರೆ ಊರಿಗೆ ಹೋಗುತ್ತದೆ. ಹಿರೇಮಡ್ಡಿಯ ಹೆಸರು ಪಟ್ಟಿಯಿಂದ ಹೋಗುತ್ತದೆ.

“ಮಣ್ಣು ಕುಸಿದ್ರ ನಾ ಏನ ಮಾಡ್ಲಿ? ಮಣ್ಣಿನ ಮ್ಯಾಲೆ ಕೇಸ್ ಹಾಕ್ಲೇನು?”

“ಮಣ್ಣು ಕುಸಿದಿಲ್ರಿ ಸಾಹೇಬ್ರ. ನಾ ದಿನಾ ಕೇಳೇನಿ.”

“ಏನ ಕೇಳಿದಿ?”

ತುಳಸವ್ವ ಸ್ವಲ್ಪ ನಾಚಿದಳು. ಬೋರ್ ಬಿದ್ದ ಮರುದಿನದಿಂದ, ಕೆಲಸಕ್ಕೆ ಹೋಗುವ ಮುಂಚೆ, ಚಪ್ಪಡಿ ತುಸು ಸರಿಸಿ ಒಂದು ಹಂಚಿನ ಚೂರು ಒಳಗೆ ಬಿಡುತ್ತಿದ್ದಳಂತೆ. ಬಿಟ್ಟು, ಉಸಿರು ಹಿಡಿದು ಕೇಳುವುದು. ತಡೆದು, ಆಳದಲ್ಲಿ ‘ದುಬುಕ್’ ಅನ್ನುತ್ತಿತ್ತು. ಆ ಸಪ್ಪಳ ಕೇಳಿದರೆ ದಿನವಿಡೀ ಕಬ್ಬು ಹೊರುವುದು ಹಗುರ.

“ಫೆಬ್ರುವರಿ ಒಂಬತ್ತು, ಆಯತವಾರ ಮುಂಜಾನೆ ದುಬುಕ್ ಅಂತು. ಅವತ್ತ ಇಡೀ ಕೇರಿ ಕುಡಚಿ ಕಡೆ ಕಬ್ಬಿಗೆ ಹೋಗಿತ್ತು. ಸೋಮಾರ ಮುಂಜಾನೆ ಚೂರು ಬಿಟ್ಟೆ. ‘ತಪ್’ ಅಂತು. ನೀರಿನ ಸಪ್ಪಳ ಇಲ್ಲ. ಕಲ್ಲ ಹಾಕಿ ನಾನ ಕೆಡಿಸಿದೆ ಅಂತ ಬೈತಾರಂತ ಹೆದರಿ ಯಾರ ಮುಂದೂ ಹೇಳಲಿಲ್ಲ.”

“ಕುಸಿದಿದ್ರೂ ತಪ್ ಅಂತಿತ್ತು.”

“ಚಪ್ಪಡಿ ತನ್ನಷ್ಟಕ್ಕ ತಾನ ತಿರುವಿ ಕೂಡ್ರತೈತೇನ್ರಿ? ಸೋಮಾರ ಅದರ ಮಾರಿ ಮಗ್ಗಲಾಗಿತ್ತು.”

ಕಾಡಸಿದ್ದ ಚಹಾ ಬದಿಗೆ ಸರಿಸಿದ. ಅವನ ಸಿಟ್ಟು ಹೆಂಗಸನ್ನು ಬಿಟ್ಟು ಬೇರೆಲ್ಲೋ ತಿರುಗಿತ್ತು. “ದಶರಥ! ಕಾಗದ ತಗೊಂಬಾ.”

ಹತ್ತೂ ಇಪ್ಪತ್ತಕ್ಕೆ ಎಫ್ಐಆರ್ ಆಯಿತು. ಅಪರಾಧ ಸಂಖ್ಯೆ 31/97, ಭಾರತೀಯ ದಂಡ ಸಂಹಿತೆ ಕಲಂ 430, ನೀರಿನ ಕಾಮಗಾರಿಗೆ ಹಾನಿ. ಆರೋಪಿ: ಅಪರಿಚಿತ. ತುಳಸವ್ವ ಹೆಬ್ಬೆಟ್ಟು ಒತ್ತಿ, ಕೊಡ ಎತ್ತಿಕೊಂಡು ಹೋದಳು.

ಅದೇ ಮಧ್ಯಾಹ್ನ ಸ್ಥಳ ಪಂಚನಾಮೆ. ಹವಾಲ್ದಾರ ದಶರಥ ಕಾಂಬಳೆ ಠಾಣೆಯ ಕ್ಷೌರದ ಕನ್ನಡಿ ತಂದಿದ್ದ. ಹನ್ನೆರಡರ ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ತೂತಿನೊಳಗೆ ಇಳಿಸಿದ. ಬೆಳಕು ಅರವತ್ತು ಅಡಿಯವರೆಗೆ ಹೋಯಿತು. ಅಲ್ಲಿ ತೂತು ತುಸು ವಾಲಿದ್ದರಿಂದ ಗೋಡೆಗೆ ಬಡಿದು ಸತ್ತಿತು.

“ಏನ ಕಾಣತೈತಿ?”

“ಕತ್ತಲಿ ಕಾಣತೈತ್ರಿ.”

“ಅದನ್ನ ಪಂಚನಾಮೆದಾಗ ಬರೀಲೇನಲೇ?”

ಅನುಮಾನದ ಆಸಾಮಿಯನ್ನು ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಕೇರಿಯ ಪಡುವಣಕ್ಕೆ ಲಗಮಣ್ಣನ ಏಳು ಎಕರೆ ದ್ರಾಕ್ಷಿ ತೋಟ. ಡಿಸೆಂಬರ್‌ನಲ್ಲಿ ಲಗಮಣ್ಣ ತಹಶೀಲ್ದಾರರಿಗೆ ಅರ್ಜಿ ಕೊಟ್ಟಿದ್ದ: ಮಡ್ಡಿಯಲ್ಲಿ ಬೋರ್ ಕೊರೆದರೆ ತನ್ನ ತೋಟದ ನೀರು ಅತ್ತ ಇಳಿಯುತ್ತದೆ, ತಡೆಯಬೇಕು. ಅರ್ಜಿಯ ನಕಲು ಕೈಗೆ ಸಿಕ್ಕಿದ್ದೇ ತಡ, ಕಾಡಸಿದ್ದ ಜೀಪು ಕಳಿಸಿ ಅವನನ್ನು ಎತ್ತಿ ತರಿಸಿದ. ಮಾರ್ಚ್ 12, ಬೆಳಿಗ್ಗೆ ಹನ್ನೊಂದರಿಂದ ನಾಲ್ಕರವರೆಗೆ ಠಾಣೆಯ ಹಂಚು ಹಾರುವ ಹಾಗೆ ಕೂಗಾಡಿದ.

“ಫೆಬ್ರುವರಿ ಒಂಬತ್ತಕ್ಕ ಎಲ್ಲಿದ್ದಿ?”

“ತಾಸಗಾಂವದಾಗ್ರಿ. ಒಣದ್ರಾಕ್ಷಿ ಮಾರಾಕ ಏಳನೇ ತಾರೀಖಿಗೆ ಹೋದಾಂವ ಹನ್ನೊಂದಕ್ಕ ಬಂದೆ. ಮಗನೂ ಸಂಗಡ ಇದ್ದ.”

“ಆಳ ಕಳಿಸಿ ಮಾಡ್ಸಿದಿ!”

“ನನ್ನ ಆಳುಗಳೆಲ್ಲಾ ಅದ ಕೇರ್ಯಾವ್ರ ಅದಾರ್ರೀ. ತಮ್ಮ ಬೋರಿಗೆ ತಾವ ಕಲ್ಲ ಹಾಕ್ತಾರೇನ್ರಿ? ಅರ್ಜಿ ಕೊಟ್ಟಿದ್ದು ಖರೆ. ಎದುರಾ ನಿಂತು ಜಗಳಾಡೂ ಮನಶ್ಯಾ ನಾ. ಹಿಂದಿಂದ ಕಲ್ಲ ಒಗ್ಯಾಂವ ಅಲ್ಲ.”

ದಶರಥ ಬಸ್ಸು ಹತ್ತಿ ತಾಸಗಾಂವಕ್ಕೆ ಹೋಗಿ ಬಂದ. ಅಡತಿ ಅಂಗಡಿಯವನ ಹೇಳಿಕೆ, ವಸತಿಗೃಹದ ರಿಜಿಸ್ಟರ್, ಎರಡೂ ಲಗಮಣ್ಣನ ಮಾತಿಗೆ ಸರಿಹೊಂದಿದವು. ಕಾಡಸಿದ್ದ ಒಂದು ದಿನ ಯಾರ ಜೊತೆಯೂ ಮಾತಾಡಲಿಲ್ಲ. ತಪ್ಪು ಮಾಡಿದ್ದು ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ. ಅಷ್ಟು ಗಟ್ಟಿಯಾಗಿ ಕೂಗಿ ತಪ್ಪು ಮಾಡಿದ್ದು ನೋವಾಗಿತ್ತು.

ಕೇಸು ಅಲ್ಲಿಗೇ ನಿಂತಿತು. ತೂತಿನೊಳಗೆ ಏನಿದೆ ಅಂತ ಗೊತ್ತಾಗದೆ ಇದು ಅಪರಾಧವೇ ಅಂತಲೂ ಸಾಧಿಸಲಾಗುವುದಿಲ್ಲ. ಇಂಜಿನಿಯರ್ ಫೋನಿನಲ್ಲಿ ನಕ್ಕ: “ಪಿಎಸ್ಐ ಸಾಹೇಬ್ರ, ಮಣ್ಣು ಪೊಲೀಸರ ಮಾತು ಕೇಳೂದಿಲ್ರಿ.” ಕಾಡಸಿದ್ದ ಫೋನು ಕುಕ್ಕಿದ ರಭಸಕ್ಕೆ ಅದರ ಒಂದು ಮೂಲೆ ಸೀಳಿತು.

ದಾರಿ ತೋರಿಸಿದ್ದು ದಶರಥನೇ. “ಸಾಹೇಬ್ರ, ಆ ಬೋರಿನ ಜಾಗಾ ಗುರುತು ಮಾಡಿದಾಕಿ ಒಬ್ಬಾಕಿ ಭೂವಿಜ್ಞಾನಿ. ಮಂಗಲ ಅಂತ. ಬೆಳಗಾವ್ಯಾಗ ಅದಾಳ.”

ಟ್ರಂಕ್ ಕಾಲ್ ಸಿಗಲು ಒಂದೂವರೆ ತಾಸು ಹಿಡಿಯಿತು. ಆ ಕಡೆಯ ದನಿ ತಣ್ಣಗಿತ್ತು. “ಕೆಂಪು ಪದರ ಕುಸಿದಿದೆ ಅಂತ ಬರ್ದಾರೇನ್ರಿ? ನೋಡಿ ಬರ್ದಾರೋ, ಊಹಿಸಿ ಬರ್ದಾರೋ?”

“ನೋಡಾಕ ಅದೇನ ಕಿಡಕಿ ಐತೇನ್ರಿ ಮೇಡಂ?”

“ಐತ್ರಿ. ಬೋರ್ ಒಳಗ ಇಳಿಯೂ ಕ್ಯಾಮೆರಾ ಐತಿ ನಮ್ಮ ಕಡೆ. ಈಗ ಅಥಣಿ ಬದಿ ಉಪ್ಪುನೀರಿನ ಊರುಗಳೊಳಗ ಕೆಲಸ ನಡದೈತಿ. ಇಪ್ಪತ್ತೊಂದಕ್ಕ ಹಾದು ಹೋಗಾಗ ಬರ್ತೀನಿ. ಅಲ್ಲೀತನಕ ಆ ತೂತಿಗೆ ಯಾರೂ ಏನೂ ಹಾಕದಂಗ ನೋಡ್ಕೋರಿ.”

ಆರು ದಿನ ಒಬ್ಬ ಕಾನ್‌ಸ್ಟೇಬಲ್ ಹಿರೇಮಡ್ಡಿಯ ಚಪ್ಪಡಿಯ ಮೇಲೆಯೇ ಕೂತಿದ್ದ. ಊರವರು ನಕ್ಕರು: ಪೊಲೀಸರು ತತ್ತಿಗೆ ಕಾವು ಕೊಡುತ್ತಿದ್ದಾರೆ.

ಮಾರ್ಚ್ 21, ಶುಕ್ರವಾರ, ಬೆಳಿಗ್ಗೆ 9.30. ಮಂಗಲ ಬಂದಳು. ಮೂವತ್ತರ ಆಸುಪಾಸಿನವಳು, ತಲೆಗೆ ಬಿಳಿ ಟೋಪಿ, ಕಾಲಿಗೆ ಗಂಡಸರ ಬೂಟು. ಕ್ಯಾಮೆರಾ ಅಂದರೆ ಒಂದು ಮೊಳದ ಉಕ್ಕಿನ ನಳಿಗೆ. ತುದಿಗೆ ಗಾಜು, ಗಾಜಿನ ಸುತ್ತ ಕಾಳಿನಷ್ಟು ದೀಪಗಳು, ಹಿಂದೆ ಹೆಬ್ಬೆರಳು ದಪ್ಪದ ಕೇಬಲ್. ಜನರೇಟರ್ ಗುಡುಗಿತು. ಜೀಪಿನ ಹಿಂಬದಿಗೆ ತಾಡಪತ್ರಿ ಇಳಿಬಿಟ್ಟು ಒಳಗೆ ಟಿವಿ ಇಟ್ಟರು. ನೋಡಿದ್ದೆಲ್ಲ ಕ್ಯಾಸೆಟ್ಟಿಗೆ ಇಳಿಯುವ ವ್ಯವಸ್ಥೆಯೂ ಇತ್ತು. ತಾಡಪತ್ರಿಯೊಳಗೆ ಆರೇ ಜನ: ಮಂಗಲ, ಕಾಡಸಿದ್ದ, ದಶರಥ, ಇಂಜಿನಿಯರ್, ಪಾಲಬಾವಿಯಿಂದ ಕರೆತಂದ ಇಬ್ಬರು ಪಂಚರು. ಹೊರಗೆ ಇಡೀ ಕೇರಿ ನೆರೆದಿತ್ತು. ತುಳಸವ್ವ ಎಲ್ಲರಿಗಿಂತ ಮುಂದೆ, ಕೈಕಟ್ಟಿ ನಿಂತಿದ್ದಳು.

ಕೇಬಲ್ ಇಳಿಯತೊಡಗಿತು. ಮೊದಲು ಕಬ್ಬಿಣದ ಪೈಪಿನ ತುಕ್ಕು. ಇಪ್ಪತ್ತು ಅಡಿಯ ನಂತರ ಬರಿ ಕಲ್ಲು, ಆನೆಯ ಚರ್ಮದ ಹಾಗೆ ಕಪ್ಪು.

“ಇದು ಲಾವಾ. ಬೆಂಕಿ ಹರದು ತಣ್ಣಗಾದ ಕಲ್ಲು,” ಅಂದಳು ಮಂಗಲ. ಪರದೆಯ ಮೂಲೆಯಲ್ಲಿ ಅಂಕಿ ಏರುತ್ತಿತ್ತು. ಅರವತ್ತು. ಎಪ್ಪತ್ತು. ಎಂಬತ್ತನಾಲ್ಕಕ್ಕೆ ಪರದೆ ಇದ್ದಕ್ಕಿದ್ದ ಹಾಗೆ ಕೆಂಪಾಯಿತು, ಹೊಸದಾಗಿ ಸಾರಿಸಿದ ಗೋಡೆಯ ಹಾಗೆ.

ಮಂಗಲ ಕೇಬಲ್ ನಿಲ್ಲಿಸಿದಳು. “ಇದs ನಿಮ್ಮ ಕುಸಿದ ಪದರ. ಲಾವಾ ಹರಿಯೂ ಮೊದಲಿನ ನೆಲ ಇದು, ಬೆಂದ ಮಣ್ಣು. ಸರ್, ಹಂತ್ಯಾಕ ಬಂದು ನೋಡ್ರಿ. ರಿಗ್ಗಿನ ಬಿಟ್ ಕೊರ್ದ ಗೆರಿ ಕಾಣತಾವಲ್ಲ, ಸುತ್ತೂ? ಒಂದ ಗೆರಿಯೂ ಅಳಿಸಿಲ್ಲ. ಕುಸಿದಿದ್ರ ಇಲ್ಲಿ ಗವಿ ಆಗಿರಬೇಕಿತ್ತು. ಒಂದು ಮುಷ್ಟಿ ಮಣ್ಣೂ ಬಿದ್ದಿಲ್ಲ.”

ಇಂಜಿನಿಯರ್ ಕನ್ನಡಕ ಒರೆಸಿಕೊಂಡ. ಕಾಡಸಿದ್ದ ಅವನ ಕಡೆ ತಿರುಗಿದ. “ಏನ್ರಿ ಸಾಹೇಬ್ರ,” ಅಂದ, “ಮಣ್ಣು ಮೇಡಂನ ಮಾತರೇ ಕೇಳತೈತಲ್ಲ?”

ಕೆಂಪಿನ ಕೆಳಗೆ ಬೇರೆಯದೇ ಲೋಕ. ಬಿಳಿ, ಬೂದು, ಕಂದು. ಒಂದರ ಮೇಲೊಂದು ತೆಳ್ಳಗಿನ ಪದರ, ಎಲ್ಲವೂ ಒಂದೇ ಕಡೆಗೆ ಓರೆ.

“ಮರಳುಗಲ್ಲು, ಜೇಡಿಗಲ್ಲು. ಒಂದು ಕಾಲಕ್ಕ ಇದು ಸಮುದ್ರದ ತಳ.”

“ಸಮುದ್ರ? ರಾಯಬಾಗ ತಾಲೂಕಿನ್ಯಾಗ?”

“ಕೋಟಿ ಕೋಟಿ ವರ್ಷದ ಹಿಂದ.”

“ಹಂಗಾರ ಅದು ನಮ್ಮ ಠಾಣೆ ಹದ್ದಿಗೆ ಬರೂದಿಲ್ಲ ಬಿಡ್ರಿ,” ಅಂದ ದಶರಥ.

ಮಂಗಲ ನಕ್ಕು, ಪರದೆಯ ಮೇಲೆ ಬೆರಳಿಟ್ಟು ಓರೆ ತೋರಿಸಿದಳು. “ರೊಟ್ಟಿ ಒಟ್ಟಿದ ಬುಟ್ಟಿ ಒಂದು ಮಗ್ಗಲಕ್ಕ ವಾಲಿದಂಗ ಐತಿ ನೋಡ್ರಿ. ಬಡಗಲ ಎತ್ತರ, ತೆಂಕಲ ತಗ್ಗು. ನೀರು ಇವುಗಳ ನಡುವ ಹಾದು ಬರ್ತೈತಿ, ಬಡಗಲ ಗುಡ್ಡದಿಂದ. ಪಡುವಣಕ್ಕಿರೋ ದ್ರಾಕ್ಷಿ ತೋಟಕ್ಕೂ ಈ ನೀರಿಗೂ ಸಂಬಂಧನ ಇಲ್ಲ. ಭೂಮಿ ಒಳಗ ಇರೂದು ಒಂದs ನಿಯಮ: ತಳಕ್ಕಿದ್ದದ್ದು ಮೊದಲು ಬಿದ್ದದ್ದು, ಮ್ಯಾಲಿದ್ದದ್ದು ಆಮ್ಯಾಲೆ.”

ತೊಂಬತ್ತಾರು. ತೊಂಬತ್ತೆಂಟು. ಮಂಗಲ ಹುಬ್ಬು ಗಂಟಿಕ್ಕಿದಳು. ಕ್ಯಾಮೆರಾ ಹಿಂದಕ್ಕೆ ಎಳೆದು, ಮತ್ತೆ ಇಳಿಸಿದಳು.

“ಏನಾತ್ರಿ?”

“ಹಳದಿ. ಅಲ್ಲಲ್ಲಿ ಹಳದಿ ಗೀರು. ಮೊದಲs ಕಂಡಿದ್ದೆ, ಕಲ್ಲಿನ ಬಣ್ಣ ಅಂದ್ಕೊಂಡೆ. ಆದ್ರ ಕರಿಕಲ್ಲಿನ ಮ್ಯಾಲೂ ಐತಿ, ಕೆಂಪಿನ ಮ್ಯಾಲೂ, ಮರಳುಗಲ್ಲಿನ ಮ್ಯಾಲೂ. ಯಾವ ಬಣ್ಣನೂ ಹಿಂಗ ಎಲ್ಲಾ ಪದರ ದಾಟಿ ಬರೂದಿಲ್ಲ. ಭೂಮಿ ಹಂಗ ಬರಿಯೂದಿಲ್ಲ. ಇದು ಮ್ಯಾಲಿಂದ ಬಿದ್ದದ್ದು. ಏನೋ ಪುಡಿ.”

ಅಂಕಿ ನೂರೊಂದು ತಲುಪಿತು. ಪರದೆಯ ತುಂಬ ಹಳದಿ. ಹಳದಿಯ ನಡುವೆ ಮೂರು ಕಪ್ಪು ಕಣ್ಣು ಕ್ಯಾಮೆರಾವನ್ನೇ ನೋಡುತ್ತಿದ್ದವು.

ಒಬ್ಬ ಪಂಚ ಹೌಹಾರಿ ಜೀಪಿನಿಂದ ಇಳಿಯಹೋದ. ಕಾಡಸಿದ್ದ ಅವನ ರಟ್ಟೆ ಹಿಡಿದು ಕೂರಿಸಿದ.

“ಟೆಂಗಿನಕಾಯಿ,” ಅಂದ ದಶರಥ. ಅವನ ದನಿ ಇಳಿದಿತ್ತು. “ಹಳದಿ ಭಂಡಾರ ಐತ್ರಿ ಮೇಡಂ. ನಮ್ಮ ಮನ್ಯಾಗ ಈಗ ಬುದ್ಧ ಅದಾನ. ಆದ್ರ ನಾ ಹುಟ್ಟಿದ್ದು ಮಂಗಸೂಳ್ಯಾಗ. ಮಲ್ಲಯ್ಯನ ಗುಡಿ ಮುಂದ ಈ ಅರಿಷಿಣದಾಗ ಮುಳುಗಿ ಬೆಳದೇನಿ. ನಂಗ ಗುರುತ ಹತ್ತೂದಿಲ್ಲೇನ್ರಿ?”

ಎಲ್ಲರೂ ಪರದೆಗೆ ಮುಖ ಹಚ್ಚಿದರು. ಕೆಳಗೆ ಕಲ್ಲು, ಗರಸು. ಕಲ್ಲಿನ ಮೇಲೆ ಭಂಡಾರ. ಭಂಡಾರದಲ್ಲಿ ಒಂದು ಬಟ್ಟೆಯ ತುಂಡು, ಬಟ್ಟೆಯ ಮೇಲೆ ಕಾಯಿ, ಸುತ್ತ ಸುರುಳಿ ಬಿದ್ದ ತೆಳ್ಳನೆಯ ಹಗ್ಗ. ಎಲ್ಲದರ ಮೇಲೆ, ಕಾಯಿಯ ಪಕ್ಕಕ್ಕೆ ಒರಗಿ, ಒಂದು ಕೆಂಪು ಹಂಚಿನ ಚೂರು.

ಕಾಡಸಿದ್ದನ ತಲೆ ಓಡತೊಡಗಿತು. “ಮ್ಯಾಲಿದ್ದದ್ದು ಆಮ್ಯಾಲೆ ಬಿದ್ದದ್ದು, ಅಂದ್ರಿ. ಹಂಚಿನ ಚೂರು ತುಳಸವ್ವಂದು, ಹತ್ತನೇ ತಾರೀಖು ಮುಂಜಾನೆ. ಅದರ ಕೆಳಗಿಂದೆಲ್ಲಾ ಒಂಬತ್ತನೇ ತಾರೀಖು. ಹೆಂಗಸು ಹೇಳಿದ್ದು ಅಕ್ಷರಶಃ ಖರೆ. ಇನ್ನೊಂದು. ನೂರ ಅಡಿಯಿಂದ ಒಗದ್ರ ಕಾಯಿ ಚೂರಾಗತಿತ್ತು. ಇದು ಒಡದಿಲ್ಲ. ಬಟ್ಟ್ಯಾಗ ಇಟ್ಟು, ಹಗ್ಗ ಕಟ್ಟಿ, ಮಗೂನ ತೊಟ್ಟಿಲಕ್ಕ ಇಳಿಸಿದಂಗ ಇಳಿಸ್ಯಾರ. ಕಲ್ಲ ಹಾಕಿದಾಂವನ ಹಿಂಗ ಯಾಕ ಮಾಡಿದ?”

“ಗಂಗಿ ಬಾಯಿ ಮುಚ್ಚಿದ್ದಕ್ಕ ತಪ್ಪಾತು ಅಂದಾನ್ರಿ,” ಅಂದ ದಶರಥ. “ಆದ್ರ ದೇವರಿಗೆ ಕಾಯಿ ಕೊಡಾವ್ರು ಒಡದು ಕೊಡ್ತಾರ. ಇಡೀ ಕಾಯಿ ಇಟ್ಕೊಂಡು ತಿರಗಾವ್ರು ಒಬ್ಬರ. ನೀರು ನೋಡಾವ್ರು.”

ಈ ಸುತ್ತಿನ ಹದಿನೆಂಟು ಹಳ್ಳಿಗೆ ನೀರು ನೋಡುವವನು ಒಬ್ಬನೇ: ಹಿರೇಮಡ್ಡಿ ಊರಿನ ಮುರಗೆಪ್ಪ. ಅಂಗೈ ಮೇಲೆ ಕಾಯಿ ಮಲಗಿಸಿ ಹೊಲದಲ್ಲಿ ನಡೆಯುತ್ತಾನೆ. ನೀರಿದ್ದಲ್ಲಿ ಕಾಯಿ ಎದ್ದು ನಿಲ್ಲುತ್ತದೆ. ಅಲ್ಲಿ ಒಂದು ಮುಷ್ಟಿ ಭಂಡಾರ ಹಾಕಿ ಕೈಮುಗಿಯುತ್ತಾನೆ. ಎಪ್ಪತ್ತರ ಹತ್ತಿರದ ಮುದುಕ. ಅವನ ಮಾತು ಸುಳ್ಳಾಗಿದ್ದನ್ನು ಯಾರೂ ಕಂಡಿಲ್ಲ. ಮಡ್ಡಿಯ ಕೇರಿಯಲ್ಲಿ ಬರೀ ಕಲ್ಲಿದೆ, ನೀರಿಲ್ಲ ಅಂತ ಹೇಳಿದ್ದವನೂ ಅವನೇ.

ಮಂಗಲ ತಂದಿದ್ದ ರಿಗ್ಗಿನವರ ಕೊಕ್ಕೆ ಇಳಿಸಿ, ಬಟ್ಟೆ ಸಮೇತ ಕಾಯಿಯನ್ನು ಮೇಲೆತ್ತಿದರು. ಅದು ಹೊಸ ಕಾಯಲ್ಲ. ಒಣಗಿ, ವರ್ಷಗಟ್ಟಲೆ ಕೈಯಾಡಿ, ನುಣ್ಣಗೆ ಮಿರುಗುತ್ತಿತ್ತು. ನಡುವಿಗೆ ತಾಮ್ರದ ತಂತಿ ಬಿಗಿದಿತ್ತು. ಮಧ್ಯಾಹ್ನ 12.50ಕ್ಕೆ ಜಪ್ತಿ ಪಂಚನಾಮೆ ಮುಗಿಯಿತು.

“ಪಂಚರs,” ಅಂದ ಕಾಡಸಿದ್ದ, “ನಾಳೆ ಸಂಜಿತನಕ ಯಾರ ಬಾಯಿಂದರೇ ಕಾಯಿ ಅನ್ನೂ ಮಾತು ಹೊಂಟ್ರ, ಅವರ ಬಾಯಾಗ ಅದs ಕಾಯಿ ತುರುಕ್ತೇನಿ.”

ಮಾರ್ಚ್ 22, ಬೆಳಿಗ್ಗೆ ಏಳಕ್ಕೆ ಕಾಡಸಿದ್ದ ಒಬ್ಬನೇ ಲಗಮಣ್ಣನ ತೋಟಕ್ಕೆ ನಡೆದು ಹೋದ. ಲಗಮಣ್ಣ ಕುರ್ಚಿ ಹಾಕಲಿಲ್ಲ.

“ಲಗಮಣ್ಣಾ, ಆವತ್ತ ನಾ ಕೂಗಾಡಿದ್ದು ತಪ್ಪು.”

ಪೊಲೀಸರ ಬಾಯಲ್ಲಿ ಇಂಥ ಮಾತು ಕೇಳಿ ಅಭ್ಯಾಸವಿಲ್ಲದ ಲಗಮಣ್ಣ ಕುರ್ಚಿ ಹುಡುಕಿದ. ಕೇರಿಯ ನೀರಿನ ದಾರಿಯೇ ಬೇರೆ, ತೋಟಕ್ಕೆ ಧಕ್ಕೆಯಿಲ್ಲ ಅಂತ ಕಾಡಸಿದ್ದ ರೊಟ್ಟಿ ಬುಟ್ಟಿಯ ಲೆಕ್ಕದಲ್ಲೇ ವಿವರಿಸಿದ. ಲಗಮಣ್ಣ ಎರಡು ಸಲ ಕೇಳಿ ಖಚಿತ ಮಾಡಿಕೊಂಡು, ದೀರ್ಘವಾಗಿ ಉಸಿರುಬಿಟ್ಟ. ಆಮೇಲೆ ಕಾಡಸಿದ್ದ ಚೀಲದಿಂದ ಕಾಯಿ ತೆಗೆದ.

“ಅಯ್ಯ! ಇದು ಮುರಗೆಪ್ಪಣ್ಣನ ಕಾಯಿ. ಎಂಬತ್ತಮೂರರಾಗ ಇದs ತೋಟದಾಗ ನೀರು ನೋಡಾಗ ಕೈಯಿಂದ ಜಿಗದು ಬಿದ್ದು ಬಿರಕ ಬಿಟ್ಟಿತು. ನಾನs ಕುಡಚಿಗೆ ಒಯ್ದು ತಾಮ್ರದ ತಂತಿ ಬಿಗಿಸಿ ಕೊಟ್ಟೇನಿ. ನಿಮಗೆಲ್ಲಿ ಸಿಕ್ಕಿತ್ರಿ?”

“ಹೇಳಿಕಿ ಬರಕೋತೇನಿ. ಸಹಿ ಮಾಡ್ತಿ?”

ಲಗಮಣ್ಣ ತೋಟದ ಕಡೆ ಒಮ್ಮೆ ನೋಡಿ ಸಹಿ ಮಾಡಿದ. “ನನ್ನ ಎರಡನೇ ಬೋರಿಗಂತ ತರಿಸಿದ ರಿಗ್ ಇಲ್ಲೇ ನಿಂತೈತಿ,” ಅಂದ. “ನಾಳೆ ಒಂದಿನ ಕೇರಿಗೆ ಒಯ್ರಿ. ಅರ್ಜಿ ಕೊಟ್ಟ ಕೈ ಇದs, ಸ್ವಲ್ಪ ತೊಳಕೋತೇನಿ.”

ಮಧ್ಯಾಹ್ನ ಮೂರಕ್ಕೆ ಮುರಗೆಪ್ಪ ಠಾಣೆಗೆ ಬಂದ. ಠಾಣೆಯ ಹಿತ್ತಲಲ್ಲಿ ಬೋರ್ ಹಾಕಿಸಬೇಕು, ನೀರು ನೋಡಿಕೊಡಬೇಕು ಅಂತ ದಶರಥ ಕರೆತಂದಿದ್ದ. ಎತ್ತರದ ಆಳು, ತಲೆಗೆ ಬಿಳಿ ಪಟಕ, ಹಣೆಗೆ ಭಂಡಾರ. ಮೊದಲು ಬರುವುದಿಲ್ಲ ಅಂದಿದ್ದನಂತೆ. ತಿಂಗಳಿಂದ ಯಾರ ಕರೆಗೂ ಹೋಗಿರಲಿಲ್ಲ. ಪೊಲೀಸರ ಕರೆಗೆ ಇಲ್ಲವೆನ್ನಲಾಗದೆ ಬಂದಿದ್ದ.

ಅಂಗೈ ಮೇಲೆ ಕಾಯಿ ಮಲಗಿಸಿಕೊಂಡು ಅಂಗಳದ ಉದ್ದಕ್ಕೂ ನಡೆದ. ಕಾಯಿ ಮಲಗಿಯೇ ಇತ್ತು.

“ಏನಾತಜ್ಜಾ?”

“ಕೈ ಸೋತೈತ್ರಿ.”

“ಕಾಯಿ ಹೊಸಾದಿದ್ದಂಗ ಐತಿ. ಅಂಗಡಿ ನಾರು ಇನ್ನೂ ಐತಿ. ತಂತಿ ಬಿಗದ ಹಳೇದ ಎಲ್ಲಿ?”

“ಒಡೀತ್ರಿ.”

“ಯಾವಾಗ?”

“ಹೋದ ತಿಂಗಳ.”

“ಎಲ್ಲಿ?”

“ಮಂಗಸೂಳ್ಯಾಗ. ಮಲ್ಲಯ್ಯನ ಮುಂದ.”

“ಮಲ್ಲಯ್ಯನ ಆಣಿ ಮಾಡಿ ಹೇಳ್ತಿ?”

ಮುದುಕ ಹಣೆಯ ಭಂಡಾರ ಮುಟ್ಟಿಕೊಂಡ. ಆಣೆ ಮಾಡಲಿಲ್ಲ. ಕಾಡಸಿದ್ದ ಪಂಚರ ಎದುರು ಜಪ್ತಿಯಾದ ಮುದ್ದೆಮಾಲಿನ ಬಟ್ಟೆ ಬಿಚ್ಚಿ ಕಾಯಿಯನ್ನು ಮೇಜಿನ ಮೇಲಿಟ್ಟ. ಮುರಗೆಪ್ಪ ಪಿಎಸ್ಐ ಕಡೆ ನೋಡಲಿಲ್ಲ. ಪಟಕ ತೆಗೆದು, ಕಾಯಿಗೆ ಕೈಮುಗಿದ.

“ಒಡದಿಲ್ಲಲ್ಲ,” ಅಂದ ಮೆಲ್ಲಗೆ. “ನೂರ ಅಡಿ ಇಳಿಸಿದ್ರೂ ಒಡದಿಲ್ಲ.”

ಸಂಜೆ 4.10ಕ್ಕೆ ದಸ್ತಗಿರಿ. ಎಲ್ಲವನ್ನೂ ಒಪ್ಪಿಕೊಂಡ. ಗೋಣಿ ಸುತ್ತಿದ ಜಾಲಿ ಕೊರಡನ್ನು ತೂತಿಗೆ ಬಡಿದು ಇಳಿಸಿದ್ದು, ಅದರ ಮೇಲೆ ಆರು ಬುಟ್ಟಿ ಕಲ್ಲು ಗರಸು ಸುರಿದದ್ದು, ಕೊನೆಗೆ ತನ್ನ ಕಾಯಿ, ತನ್ನ ಭಂಡಾರ. ಯಾಕೆ ಅಂತ ಕೇಳಿದ್ದಕ್ಕೆ ಮಾತ್ರ ತಲೆ ತಗ್ಗಿಸಿದ. ಕಾಡಸಿದ್ದ ಕೂಗಿದ, ಮೇಜು ಗುದ್ದಿದ. “ಅದೊಂದ ಕೇಳಬ್ಯಾಡ್ರಿ,” ಅಂದ ಮುದುಕ. ದೌರ್ಜನ್ಯ ತಡೆ ಕಾಯ್ದೆಯ ಕಲಮೂ ಸೇರಬೇಕಾದ್ದರಿಂದ ಕಡತವನ್ನು ಡಿವೈಎಸ್ಪಿ ಸಾಹೇಬರಿಗೆ ಕಳಿಸಲು ಕಾಡಸಿದ್ದ ಪತ್ರ ಬರೆದ.

ಮಾರ್ಚ್ 23, ಆಯತವಾರ. ಮಧ್ಯಾಹ್ನ ಆರೋಪಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಅದಕ್ಕೂ ಮೊದಲು ಸ್ಥಳ ತೋರಿಸುವ ಪಂಚನಾಮೆ. ಹತ್ತಕ್ಕೆ ಲಗಮಣ್ಣನ ರಿಗ್ ಕೇರಿಯಲ್ಲಿ ನಿಂತಿತ್ತು. ಮಂಗಲ ಟೋಪಿ ಹಿಂದಕ್ಕೆ ತಳ್ಳಿ ರಾಡುಗಳನ್ನು ಎಣಿಸುತ್ತಿದ್ದಳು. ಮುರಗೆಪ್ಪ ಇಬ್ಬರು ಕಾನ್‌ಸ್ಟೇಬಲ್‌ಗಳ ನಡುವೆ, ಬರಿದಲೆಯಲ್ಲಿ ನಿಂತಿದ್ದ. ಊರಿಗೆ ಊರೇ ಮಡ್ಡಿ ಹತ್ತಿ ಬಂದಿತ್ತು.

ಕಂಪ್ರೆಸರ್ ಆರ್ಭಟಿಸಿತು. ನೂರೊಂದು ಅಡಿಗೆ ಬಿಟ್ ತಾಗಿದಾಗ ನೆಲ ನಡುಗಿತು. ಹತ್ತು ನಿಮಿಷ ಬರೀ ದೂಳು. ಆಮೇಲೆ ತೂತು ಒಮ್ಮೆ ಕೆಮ್ಮಿ, ಒಳಗೆ ಉಳಿದಿದ್ದ ಭಂಡಾರವನ್ನೆಲ್ಲ ಆಕಾಶಕ್ಕೆ ಉಗುಳಿತು. ಹಳದಿ ಮೋಡ ಎದ್ದು ಎಲ್ಲರ ಮೇಲೆ ಇಳಿಯಿತು: ಇಂಜಿನಿಯರನ ಅಂಗಿಯ ಮೇಲೆ, ಮಂಗಲಳ ಟೋಪಿಯ ಮೇಲೆ, ಕೇರಿಯವರು ಊರವರು ಎಂಬ ಭೇದವಿಲ್ಲದೆ ಎಲ್ಲರ ತಲೆಯ ಮೇಲೆ.

“ಯೇಳಕೋಟಿ!” ಅಂತ ದಶರಥ ತನಗರಿವಿಲ್ಲದೆ ಮಲ್ಲಯ್ಯನ ಘೋಷ ಕೂಗಿ, ನಾಲಿಗೆ ಕಚ್ಚಿಕೊಂಡ.

ಕಲ್ಲು, ಗೋಣಿಯ ಎಳೆ, ಜಾಲಿಯ ಸಿಬಿರು ಹಾರಿದವು. ಕೆಂಪು ನೀರು ಬಂತು. ಬೂದು ನೀರು ಬಂತು. ಹನ್ನೊಂದೂವರೆಗೆ ಬಿಳಿಯ ಕಂಬವೊಂದು ಎರಡಾಳೆತ್ತರ ಎದ್ದು ನಿಂತು, ಬಿಸಿಲಿನಲ್ಲಿ ಸಿಡಿದು, ಮಡ್ಡಿಯ ಮೇಲೆ ಹರಿಯತೊಡಗಿತು. ಹೆಂಗಸರು ಕೂಗುತ್ತ ನಗುತ್ತ ಅದರೊಳಗೆ ಹೊಕ್ಕರು. ಹಲಗೆ ಬಾರಿಸುವವರು ಎಲ್ಲಿಂದ ಬಂದರೋ ಬಂದುಬಿಟ್ಟರು. ‘ವಿಫಲ’ ಅಂತ ಬರೆದ ಕಾಗದವನ್ನು ಇಂಜಿನಿಯರ್ ಕಡತದಿಂದ ತೆಗೆದು, ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡ. “ಪಂಪ್ ಇಲ್ಲೇ ಇರಲಿ,” ಅಂದ.

ಕಾಡಸಿದ್ದ ಮೈಯೆಲ್ಲ ತೊಯ್ದು ನಿಂತಿದ್ದ. ನಗು ಅವನ ಮುಖಕ್ಕೆ ಹೊಸದು. ಎಲ್ಲಿಡಬೇಕೆಂದು ತಿಳಿಯದೆ ಇಡೀ ಮುಖದ ತುಂಬ ಇಟ್ಟುಕೊಂಡಿದ್ದ.

ತುಳಸವ್ವ ಕೊಡ ತುಂಬಿದಳು. ಎಲ್ಲರನ್ನೂ ದಾಟಿ ಮುರಗೆಪ್ಪನ ಎದುರು ಬಂದು ನಿಂತಳು. ಹಲಗೆ ನಿಂತಿತು.

“ಅಜ್ಜಾ, ಅರವತ್ತೆಂಟರಾಗ ನಮ್ಮವ್ವ ಜನಾಬಾಯಿ ನಿಮ್ಮನ್ನ ಇಲ್ಲಿ ಕರಕೊಂಡ ಬಂದಿದ್ಲು. ಮನ್ಯಾಗಿದ್ದ ಒಂದs ಕೋಳಿ ನಿಮಗ ಕೊಟ್ಲು. ಸೆರಗ ಹಿಡಕೊಂಡ ನಾನೂ ನಿಂತಿದ್ದೆ. ನೀವು ಬರೀ ಕಲ್ಲ ಅಂದ್ರಿ. ಖರೆ ಹೇಳ್ರಿ, ಆವತ್ತ ಕಾಯಿ ಎದ್ದಿತ್ತೋ ಇಲ್ಲೋ?”

ಮುದುಕ ನೀರಿನ ಕಡೆ ತಿರುಗಿದ.

“ಎದ್ದಿತ್ತವ್ವಾ. ಇದs ಜಾಗಾ. ಹಿಂದಿನ ಗೌಡ್ರು ಮೊದಲs ಹೇಳಿದ್ರು, ಕೇರ್ಯಾವ್ರಿಗೆ ಅವ್ರದs ನೀರಾದ್ರ ನಮ್ಮ ಹೊಲಕ್ಕ ಯಾರು ಬರ್ತಾರ ಅಂತ. ಅವ್ರ ಮುಂದ ನಾ ಸಣ್ಣಾಂವ. ಹೂಂ ಅಂದೆ. ಕಾಯಿ ಸುಳ್ಳ ಹೇಳಿಲ್ಲ, ನಾ ಹೇಳಿದೆ. ಸರಕಾರದ ಬೋರಿನ್ಯಾಗ ನೀರು ಬಂತು ಅಂದಕೂಡ್ಲೆ ನಿಮ್ಮವ್ವನ ಮಾರಿ ಕಣ್ಣಾಗ ಬಂತು. ಮುಚ್ಚಿದ್ರ ನನ್ನ ಮಾತು ಉಳೀತೈತಿ ಅಂದ್ಕೊಂಡೆ. ಮುಚ್ಚಿದ ಮ್ಯಾಲೆ ಆ ಕಾಯಿ ಹಿಡಿಯಾಕ ಕೈ ಬರಲಿಲ್ಲ.”

ತುಳಸವ್ವ ಕೊಡವನ್ನು ಎದೆಯೆತ್ತರಕ್ಕೆ ಎತ್ತಿದಳು.

“ಬೊಗಸಿ ಹಿಡೀರಿ.”

ಕೇರಿಯ ಪ್ರತಿಯೊಬ್ಬರಿಗೂ ಗೊತ್ತಿತ್ತು, ಬೊಗಸೆ ಹಿಡಿದು, ಬೆನ್ನು ಬಗ್ಗಿಸಿ, ಮೇಲಿನಿಂದ ಸುರಿಯುವ ನೀರಿಗೆ ಬಾಯೊಡ್ಡುವುದು ಹೇಗೆಂದು. ಮುರಗೆಪ್ಪನಿಗೆ ಗೊತ್ತಿರಲಿಲ್ಲ. ಎರಡು ಕೈ ಸೇರಿಸಿದ, ಮೊದಲ ನೀರು ಸಂದಿಯಿಂದ ಸೋರಿಹೋಯಿತು. ಇನ್ನಷ್ಟು ಬಗ್ಗಿದ. ತುಳಸವ್ವ ಸಾಕು ಅನ್ನುವ ತನಕ ಸುರಿದಳು, ಅವನು ಕುಡಿದ.

ಕಾಡಸಿದ್ದ ಬೇರೆ ಕಡೆ ತಿರುಗಿ, ಒದ್ದೆ ಕೈ ಒರೆಸಿಕೊಂಡು, ಪಂಚನಾಮೆಯ ಕಾಗದ ತೆಗೆದ. ಆಕೆ ವಾಪಸು ಹೋಗಿ ಕೊಡವನ್ನು ಮತ್ತೆ ಕಂಬದ ಕೆಳಗೆ ಹಿಡಿಯುವವರೆಗೆ ಕಾದು, ಕೊನೆಯ ಸಾಲು ಬರೆದ: ‘ಸಮಯ 11.40. ನೀರು ಎರಡೂವರೆ ಇಂಚು. ಫಿರ್ಯಾದಿದಾರಳ ಕೊಡ ತುಂಬಿದೆ.’